ರೆಕ್ಕೆಯ ಮೇಲೆ ಕೂತ ಕೆಂಪು ಧೂಳು

ಬಿಳಿ ಬಣ್ಣದಷ್ಟು ಹಟಮಾರಿ ಬಣ್ಣ ಇನ್ನೊಂದಿಲ್ಲ ಮಕ್ಕಳೇ. ಕಪ್ಪು ಬಳಿಯಿರಿ, ಒಂದೇ ಕೈಗೆ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಬಿಳಿ ಹಾಗಲ್ಲ, ಅದು ಯಾರ ತಪ್ಪನ್ನೂ ಮುಚ್ಚುವುದಿಲ್ಲ. ನಂಬದಿದ್ದರೆ ಬೀದರಿನ ವೈಜಿನಾಥನ ಕಥೆ ಕೇಳಿ.

ಬೀದರಿನಲ್ಲಿ ಆಕಾಶ ಸುಮ್ಮನಿರುವುದಿಲ್ಲ. ವಾಯುಪಡೆಯ ಹುಡುಗರು ವಿಮಾನ ಹಾರಿಸಲು ಕಲಿಯುವ ಊರು ಅದು. ಬೆಳಗಾದರೆ ಸಾಕು, ತಲೆಯ ಮೇಲೆ ಭರ್ರ್ ಅನ್ನುತ್ತಿರುತ್ತದೆ. ಊರಿನವರಿಗೆ ಅದು ಕಾಗೆ ಹಾರಿದ ಹಾಗೆ, ಯಾರೂ ತಲೆ ಎತ್ತುವುದಿಲ್ಲ. ತಪ್ಪದೆ ತಲೆ ಎತ್ತಿ ನೋಡುತ್ತಿದ್ದವರು ಇಬ್ಬರೇ. ಒಬ್ಬ ವೈಜಿನಾಥ, ಲಾರಿ ಟೆಂಪೋಗಳಿಗೆ ಸ್ಪ್ರೇ ಬಣ್ಣ ಹೊಡೆಯುವ ಶೆಡ್ಡಿನವನು. ಇನ್ನೊಬ್ಬ ಸೈಮನಪ್ಪ, ಮಿಷನ್ ಶಾಲೆಯ ಬಡಗಿ. ಒಂದು ದಿನ ಚಹಾದಂಗಡಿಯ ಮುಂದೆ ಇಬ್ಬರೂ ಒಂದೇ ವಿಮಾನವನ್ನು ನೋಡುತ್ತ ಹಿಂದೆ ಹಿಂದೆ ಸರಿದು ಢಿಕ್ಕಿ ಹೊಡೆದುಕೊಂಡರು. ಚಹಾ ಚೆಲ್ಲಿತು, ಸ್ನೇಹ ಹುಟ್ಟಿತು.

ವೈಜಿನಾಥನಿಗೆ ಹೆಂಡತಿ ಮಕ್ಕಳಿರಲಿಲ್ಲ. ಯಾಕೆ ಮದುವೆಯಾಗಲಿಲ್ಲ ಅಂತ ಕೇಳಿದರೆ, "ಮನಿ ತುಂಬ ಥಿನ್ನರ್ ವಾಸನಿ ಅದ. ಯಾವಾಕಿ ಬರ್ತಾಳ್ರೀ?" ಅನ್ನುತ್ತಿದ್ದ. ಹೀಗೆ ನಗುತ್ತಿದ್ದವನಿಗೆ ಇದ್ದದ್ದು ಸೈಮನಪ್ಪ ಒಬ್ಬನೇ. ಭಾನುವಾರ ಸೈಮನಪ್ಪನ ಹೆಂಡತಿ ಎಸ್ತೇರಮ್ಮ ಒಂದು ಡಬ್ಬಿ ಊಟ ಹೆಚ್ಚಿಗೆ ಕಟ್ಟುತ್ತಿದ್ದಳು. ಅದು ವೈಜಿನಾಥನ ಪಾಲು.

ಇಬ್ಬರೂ ಸೇರಿ ಪುಟ್ಟ ವಿಮಾನಗಳನ್ನು ಮಾಡುತ್ತಿದ್ದರು. ಹೈದರಾಬಾದಿನಿಂದ ಪೆಟ್ಟಿಗೆ ಬರುತ್ತಿತ್ತು. ಅದರೊಳಗೆ ಪ್ಲಾಸ್ಟಿಕ್ಕಿನ ತುಂಡುಗಳು: ಹೊಟ್ಟೆಯ ಎರಡು ಸೀಳು, ರೆಕ್ಕೆ, ಬಾಲ, ಕಡಲೆಕಾಳಿನಷ್ಟು ಚಕ್ರ. ಜೋಡಿಸಿದರೆ ಮೊಳದುದ್ದದ ವಿಮಾನ, ನಿಜದ ವಿಮಾನವನ್ನೇ ಅಳತೆ ತಪ್ಪದೆ ಕುಗ್ಗಿಸಿದ ಹಾಗೆ. ಯಾರಾದರೂ ಆಟಿಕೆ ಅಂದರೆ ವೈಜಿನಾಥನ ಮೂಗು ಕೆಂಪಾಗುತ್ತಿತ್ತು. "ಆಟಿಗಿ ಅಲ್ರೀ ಇದು, ಮಾಡೆಲ್! ಆಟಿಗಿ ಬೇಕಿದ್ರ ಬಜಾರಕ್ಕ ಹೋಗ್ರಿ."

ತುಂಡುಗಳನ್ನು ಸೈಮನಪ್ಪ ಮನೆಗೆ ಒಯ್ಯುತ್ತಿದ್ದ. ಅಂಟಿಸಿ, ಕೂಡಿದ ಗೆರೆ ಕಾಣದ ಹಾಗೆ ಉಜ್ಜುಕಾಗದದಿಂದ ಉಜ್ಜಿ, ಒಂದೊಂದಾಗಿ ತಂದುಕೊಡುತ್ತಿದ್ದ. ಬಣ್ಣ ಮಾತ್ರ ವೈಜಿನಾಥನದು, ಅದೂ ಅವನ ಮನೆಯಲ್ಲೇ. ಅವನ ಹತ್ತಿರ ಪೆನ್ನಿನಷ್ಟೇ ದಪ್ಪದ ಒಂದು ಏರ್‌ಬ್ರಶ್ ಇತ್ತು. ಹಿಂದೆ ಗಾಳಿಯ ಕೊಳವೆ, ಮೇಲೆ ಬೆರಳಿನಷ್ಟು ಬಟ್ಟಲು, ಮುಂದೆ ಸೂಜಿಯ ಮೊನೆ. ಗುಂಡಿ ಒತ್ತಿದರೆ ಬಣ್ಣ ಮಂಜಿನ ಹಾಗೆ ಬರುತ್ತಿತ್ತು.

ಬಿಳಿ ಹೊಡೆಯುವ ದಿನ ವೈಜಿನಾಥ ಪೂಜೆಗೆ ಕೂತವನ ಹಾಗೆ ಇರುತ್ತಿದ್ದ. "ಬಣ್ಣ ಹಾಲಿನ ಹದಕ್ಕ ಬರಬೇಕು ನೋಡು ಸೈಮನ್ಯಾ. ಗಟ್ಟಿ ಆದ್ರ ಹಿಟ್ಟು, ಭಾಳ ತೆಳು ಆದ್ರ ಕಣ್ಣೀರು" ಅನ್ನುತ್ತಿದ್ದ. ಮೊದಲು ಬೂದು ಬಣ್ಣದ ಅಸ್ತರ, ಅಂದರೆ ತಳಬಣ್ಣ. ಅದರ ಮೇಲೆ ಬಿಳಿಯ ಮೊದಲ ಕೈ, ಅಂದರೆ ಮೊದಲ ಪದರ, ಬೂದು ಅಷ್ಟೂ ಕಾಣುವಷ್ಟು ತೆಳುವಾಗಿ. ಕಾಯಬೇಕು. ಮೇಲೆ ಇನ್ನೊಂದು ಕೈ. ಮತ್ತೆ ಕಾಯಬೇಕು. ಒಂದೇ ಸಲಕ್ಕೆ ಬೆಳ್ಳಗೆ ಮಾಡಿಬಿಡುತ್ತೇನೆ ಅಂತ ಹೊರಟವನ ಬಣ್ಣ ಅಂಚಿನಲ್ಲಿ ಇಳಿದು ನಿಂತುಬಿಡುತ್ತದೆ. ದೂರ ಹಿಡಿದು ಊದಿದರೆ ಗಾಳಿಯಲ್ಲೇ ಒಣಗಿ ರವೆರವೆಯಾಗುತ್ತದೆ. ಬಣ್ಣ ಊದುವ ಕೈ ರೆಕ್ಕೆಯ ಈಚೆ ಶುರುವಾಗಿ, ರೆಕ್ಕೆಯನ್ನು ದಾಟಿ, ಆಚೆ ಹೋಗಿ ನಿಲ್ಲಬೇಕು.

ಎಲ್ಲ ಒಣಗಿದ ಮೇಲೆ ಸೈಮನಪ್ಪ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ರೆಕ್ಕೆಯನ್ನು ಸವರುತ್ತಿದ್ದ. "ಕಣ್ಣು ಸುಳ್ಳು ಹೇಳ್ತಾವ, ಹೆಬ್ಬಟ್ಟು ಹೇಳೂದಿಲ್ಲ" ಅನ್ನುವುದು ಅವನ ಮಾತು. ಸವರಿ "ಭೇಷ್" ಅಂದರೆ ಕೆಲಸ ಮುಗಿಯಿತು. ಆ ಒಂದು ಭೇಷ್‌ಗಾಗಿ ವೈಜಿನಾಥ ವಾರಗಟ್ಟಲೆ ಬೆನ್ನು ಬಗ್ಗಿಸುತ್ತಿದ್ದ.

ಇನ್ನು ಬೀದರಿನ ನೆಲ ಕೆಂಪು. ಕೆಂಪು ಧೂಳು ಬಿಳಿ ಬಣ್ಣಕ್ಕೆ ಹುಟ್ಟಾ ವೈರಿ. ಅದಕ್ಕೇ ಒಂದು ಕಟ್ಟಳೆ ಇತ್ತು. ಬಿಳಿ ಹೊಡೆಯುವಾಗ ಬಾಗಿಲಿಗೆ ಒದ್ದೆ ಗೋಣಿತಟ್ಟು ಇಳಿಬಿಡಬೇಕು, ನೆಲಕ್ಕೆ ನೀರು ಚಿಮುಕಿಸಬೇಕು, ಒಳಗೆ ಬರುವವರು ಹೊರಗಿನ ಕೊಡದ ನೀರಿನಲ್ಲಿ ಕಾಲು ತೊಳೆದೇ ಬರಬೇಕು. ಈ ಕಟ್ಟಳೆ ಮಾಡಿದವನು ಯಾರು ಅಂತೀರಿ? ಸೈಮನಪ್ಪನೇ. ಧೂಳು ಏನಾದರೂ ಕೂತೇಬಿಟ್ಟರೆ ಅದಕ್ಕೂ ಒಂದು ಕಟ್ಟಳೆ ಇತ್ತು. ಹಸಿ ಬಣ್ಣವನ್ನು ಮುಟ್ಟಲೇಬಾರದು. ಮುಟ್ಟಿದರೆ ಕಾಳಿನಷ್ಟು ಕಲೆ ಅಂಗೈಯಷ್ಟಾಗುತ್ತದೆ. ಪೂರ್ತಿ ಒಣಗಲಿ, ಆಮೇಲೆ ನೀರು ಹಚ್ಚಿ ನಯವಾದ ಕಾಗದದಿಂದ ಮೆಲ್ಲಗೆ ಉಜ್ಜಿದರೆ ಹೋಗುತ್ತದೆ.

ಒಂದು ಸಲ ದೊಡ್ಡದೊಂದು ಪ್ರಯಾಣಿಕರ ವಿಮಾನ ತರಿಸಿದರು. ಮೂಗಿನಿಂದ ಬಾಲದವರೆಗೆ ಬಿಳಿ. ಹೊಟ್ಟೆ, ಬಾಲ ಮುಗಿದಿದ್ದವು. ಬಲ ರೆಕ್ಕೆ ಇನ್ನೂ ಸೈಮನಪ್ಪನ ಮನೆಯಲ್ಲಿತ್ತು. ವೈಜಿನಾಥ ಎಡ ರೆಕ್ಕೆಗೆ ಕೊನೆಯ ಕೈ ಹೊಡೆಯುತ್ತಿದ್ದ. ಬಣ್ಣ ಕನ್ನಡಿಯ ಹಾಗೆ ಹರಿದು ಕೂತಿತ್ತು. ಹಾಗೆ ಕೂತದ್ದನ್ನು ಅವನು ಅಷ್ಟು ವರ್ಷಗಳಲ್ಲಿ ನೋಡಿರಲಿಲ್ಲ. ಉಸಿರು ಬಿಗಿಹಿಡಿದು ಏರ್‌ಬ್ರಶ್ ಕೆಳಗಿಟ್ಟ.

ಅಷ್ಟರಲ್ಲಿ ಗೋಣಿತಟ್ಟು ಹಾರಿತು. ಸೈಮನಪ್ಪ ಓಡಿ ಬಂದಿದ್ದ. ಕಾಲಿನ ತುಂಬ ಕೆಂಪು ಧೂಳು. ಬಂದವನೇ ಬೆವರು ತಡೆಯದೆ ಫ್ಯಾನಿನ ಗುಂಡಿ ಬೇರೆ ಒತ್ತಿದ. "ವೈಜಣ್ಣಾ, ಕೇಳಿಲ್ಲಿ..."

ಮುಂದಿನದನ್ನು ವೈಜಿನಾಥ ಕೇಳಲಿಲ್ಲ. ಫ್ಯಾನ್ ಒಂದು ಸುತ್ತು ತಿರುಗಿತ್ತೋ ಇಲ್ಲವೋ, ಬಿಳಿ ರೆಕ್ಕೆಯ ನಟ್ಟನಡುವೆ ಒಂದು ಕೆಂಪು ಕಣ ಹೋಗಿ ಕೂತಿತು.

"ಕಣ್ಣು ಹೋಗ್ಯಾವೇನೋ ನಿಂವು? ಕಾಲು ತೊಳಿಯೂ ಅಕಲ್ ಇಲ್ಲ! ಹಲಗಿ ಕೊಯ್ಯೂ ಬಡಿಗ್ಯಾಗ ಬಿಳಿ ಬಣ್ಣದ ಕಿಮ್ಮತ್ ಏನು ಗೊತ್ತು? ನಡಿ ಹೊರಗ!"

ಸೈಮನಪ್ಪನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಅವನ ಮಗಳು ಲಿಡಿಯಾಳನ್ನು ನೋಡಲು ಮರುದಿನ ಸೋಲಾಪುರದಿಂದ ಗಂಡಿನ ಕಡೆಯವರು ಬರುವವರಿದ್ದರು. ಆ ಸುದ್ದಿಯನ್ನು ಊರಲ್ಲಿ ಮೊದಲು ಹೇಳಬೇಕಾದವನು ವೈಜಿನಾಥ ಅಂತ, ಖುಷಿಯಲ್ಲಿ ಕಾಲು ತೊಳೆಯುವುದನ್ನೂ ಮರೆತು ಓಡಿ ಬಂದಿದ್ದ. ಬಾಯಿ ಮುಚ್ಚಿ, ಫ್ಯಾನ್ ಆರಿಸಿ, ಗೋಣಿತಟ್ಟನ್ನು ಸರಿಮಾಡಿ ಹೊರಟುಹೋದ.

ವೈಜಿನಾಥ ರೆಕ್ಕೆಯನ್ನು ಮುಟ್ಟಲಿಲ್ಲ. ಹಸಿ ಬಣ್ಣ, ಮುಟ್ಟಬಾರದು ಅಂತ ಚೆನ್ನಾಗಿ ಗೊತ್ತಿತ್ತು. ಬುದ್ಧಿವಂತ! ಆದರೆ ಬಣ್ಣವೊಂದೇ ಹಸಿಯಾಗಿರುತ್ತದೆಯೇ? ಗೆಳೆಯನ ಮನಸ್ಸೂ ಆಗ ಹಸಿಯಾಗಿತ್ತು. ಅದನ್ನು ಮುಟ್ಟದೆ ಬಿಟ್ಟನೇ? ಇಲ್ಲ. ಬೆಳಗಾಗುವುದರೊಳಗೆ ಅವನ ತಲೆಯಲ್ಲಿ ಒಂದೇ ಮಾತು ಕೊರೆಯುತ್ತಿತ್ತು. ಸೈಮನ್ಯಾ ತಪ್ಪು ಒಪ್ಪಿಕೊಳ್ಳಲಿ, ಒಪ್ಪಿಕೊಂಡರೆ ನಾನೂ ಎರಡು ಒಳ್ಳೆಯ ಮಾತಾಡುತ್ತೇನೆ. ಬಿಸಿಲೇರುತ್ತಿದ್ದ ಹಾಗೆ ರೆಕ್ಕೆಯನ್ನು ಸಾಕ್ಷಿಗೆ ಹಿಡಿದುಕೊಂಡು ನೇರ ಅವನ ಮನೆಗೆ ನುಗ್ಗಿದ.

ಮನೆ ತುಂಬ ನೆಂಟರು. ಲಿಡಿಯಾ ಚಹಾದ ತಟ್ಟೆ ಹಿಡಿದು ಬರುತ್ತಿದ್ದಳು. ಅಲ್ಲಾದರೂ ತಿರುಗಿ ಬರಬಾರದಿತ್ತೇ? ಸಿಟ್ಟಿಗೆ ಕಣ್ಣೆಲ್ಲಿ!

"ಎಲ್ಲಾರೂ ನೋಡ್ರಪ್ಪ" ಅಂತ ರೆಕ್ಕೆಯನ್ನು ಎತ್ತಿ ಹಿಡಿದ. "ಇದು ಇವನ ಕಾಲಿನ ಧೂಳು ಹೌದೋ ಅಲ್ಲೋ? ಇವನ ಬಾಯಿಲೇ ಹೇಳಸ್ರಿ."

ಗಂಡಿನ ಕಡೆಯ ಹಿರಿಯನೊಬ್ಬ ನಕ್ಕುಬಿಟ್ಟ. ಲಿಡಿಯಾ ತಟ್ಟೆಯನ್ನು ಅಲ್ಲೇ ಇಟ್ಟು ಒಳಗೆ ಹೋದಳು. ಸೈಮನಪ್ಪ ಎದ್ದು ಬಾಗಿಲಿಗೆ ಬಂದ.

"ಹೌದು, ನಂದೇ ಧೂಳು. ತಪ್ಪು ನಂದೇ ಅದ" ಅಂದ. "ಇನ್ನ ಮ್ಯಾಲೆ ನಿನ್ನ ಮನಿಯೊಳಗ ನನ್ನ ಕಾಲಧೂಳು ಬೀಳೂದಿಲ್ಲ. ಹೋಗು ವೈಜಣ್ಣಾ."

ಗೆದ್ದ ನೋಡಿ! ತಪ್ಪು ಒಪ್ಪಿಸಿಯೇಬಿಟ್ಟ. ಗೆದ್ದವನು ಮನೆಗೆ ಬಂದು ಅಭ್ಯಾಸಬಲದಿಂದ ಎರಡು ಲೋಟ ಚಹಾ ಸೋಸಿದ. ಸೋಸಿದ ಮೇಲೆ ನೆನಪಾಯಿತು. ಒಂದನ್ನು ಕುಡಿದ, ಇನ್ನೊಂದು ಕೆನೆಗಟ್ಟಿತು.

ಲಿಡಿಯಾಳ ಮದುವೆ ಹೇಗೋ ಅದೇ ಮನೆಗೆ ಕೂಡಿಬಂತು. ವೈಜಿನಾಥನಿಗೆ ಬ್ಯಾಂಡಿನ ಸದ್ದು ಕೇಳಿತು, ಕರೆ ಬರಲಿಲ್ಲ. ಸೈಮನಪ್ಪ ಶಾಲೆಗೆ ಹೋಗುವ ದಾರಿಯನ್ನೇ ಬದಲಾಯಿಸಿದ. ಭಾನುವಾರದ ಡಬ್ಬಿ ನಿಂತಿತು. ತಾನೇ ಹೋಗಿ ಮಾತಾಡಿಸಿದರೆ? ಛೆ, ತಪ್ಪು ಅವನದು ಅಂತ ಅವನೇ ಒಪ್ಪಿಕೊಂಡಿದ್ದಾನಲ್ಲ, ಅವನೇ ಬರಲಿ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಆ ಪೈಕಿ.

ಹೀಗೇ ವರ್ಷಗಳು ಹೋದವು. ಒಂಟಿ ರೆಕ್ಕೆಯ ಬಿಳಿ ವಿಮಾನ ಕಪಾಟಿನ ಮೇಲೆ ಹಾಗೇ ಇತ್ತು. ಬಣ್ಣ ಯಾವತ್ತೋ ಒಣಗಿ ಕಲ್ಲಾಗಿತ್ತು. ನಾಲ್ಕು ಸಲ ಉಜ್ಜಿದ್ದರೆ ಆ ಕೆಂಪು ಕಣ ಹೋಗುತ್ತಿತ್ತು. ವೈಜಿನಾಥ ಉಜ್ಜಲಿಲ್ಲ. ಅದು ಅವನ ಸಾಕ್ಷಿ. ಯಾರೇ ಬರಲಿ, ರೆಕ್ಕೆ ತೋರಿಸಿ, "ನೋಡ್ರಿ, ಗೆಳೆಯ ಅಂದವನ ಕಾಲಧೂಳು" ಅಂತ ಶುರುಮಾಡುತ್ತಿದ್ದ. ಮೊದಲ ಸಲ ಜನ ಅಯ್ಯೋ ಅಂದರು. ಎರಡನೆಯ ಸಲ ಗಡಿಯಾರ ನೋಡಿದರು. ಆಮೇಲೆ ಬರುವುದನ್ನೇ ಬಿಟ್ಟರು.

ಮೈಯಲ್ಲಿ ಕಸುವು ಕಡಿಮೆಯಾಗಿ ಅವನು ಶೆಡ್ಡನ್ನೂ ಮುಚ್ಚಿದ. ಹೊಸ ವಿಮಾನಗಳನ್ನೇನೋ ಮಾಡುತ್ತಿದ್ದ. ಬಿಳಿ ಹೊಡೆದು, ಒಣಗಿಸಿ, ಕಣ್ಣು ಮುಚ್ಚಿ ತನ್ನದೇ ಹೆಬ್ಬೆರಳಿನಿಂದ ಸವರುತ್ತಿದ್ದ. ಆದರೆ ತನ್ನ ಹೆಬ್ಬೆರಳು ತನಗೆ ಯಾವತ್ತೂ ಚೆನ್ನಾಗಿದೆ ಅಂತಲೇ ಹೇಳುತ್ತದೆ. ಅದರಲ್ಲಿ ಏನು ಸುಖ? ತಲೆಯ ಮೇಲೆ ವಿಮಾನ ಹಾರಿದಾಗ ಅಂಗಳಕ್ಕೆ ಬಂದು ನೋಡುತ್ತಿದ್ದ. ಅಲ್ಲಿ ಸೈಮನ್ಯಾನೂ ನೋಡುತ್ತಿರಬೇಕು ಅನ್ನಿಸಿದರೆ ಒಳಗೆ ಹೋಗಿಬಿಡುತ್ತಿದ್ದ. ಒಂಟಿತನ ಅಂದರೆ ಅದೇ. ಅದಕ್ಕೆ ಬೇರೆ ಹೆಸರಿಟ್ಟು ಏನು ಪ್ರಯೋಜನ?

ಒಂದು ದಿನ ಮಿಷನ್ ಶಾಲೆಯ ವಿಜ್ಞಾನದ ಟೀಚರ್ ಮಹಾನಂದಾ ಬಂದಳು. ಕೈಯಲ್ಲಿ ಶಾಲೆಯ ಪ್ರದರ್ಶನಕ್ಕೆ ಮಾಡಿದ ರಾಕೆಟ್ಟು.

"ಇದಕ್ಕ ಬಿಳಿ ಹೊಡಿಬೇಕ್ರಿ. ನಾ ಹೊಡದ್ರ ಬರೇ ರವಾ ರವಾ ಆಗ್ಲತ್ತದ. ನನಗ ಕಲಸ್ರಿ."

"ನನ್ನ ಹೆಸರು ಯಾರು ಹೇಳಿದ್ರು ನಿಮಗ?"

"ನಮ್ಮ ಸೈಮನಪ್ಪನವರು. ಬಿಳಿ ಹೊಡಿಯಾಂವ ಈ ಊರಾಗ ಒಬ್ಬನೇ ಅದಾನ, ಅವನ ಕಡೆ ಹೋಗ್ರಿ ಅಂದ್ರು."

ವೈಜಿನಾಥ ಏರ್‌ಬ್ರಶ್ ಕೈಗೆತ್ತಿಕೊಂಡು ಅದರ ಸೂಜಿ ಒರೆಸಿದ. ಆಮೇಲೆ ಬಣ್ಣದ ಡಬ್ಬಿ ತೆರೆದ. ಹಾಲಿನ ಹದ ತೋರಿಸಿದ, ಕೈ ಎಲ್ಲಿ ಶುರುವಾಗಬೇಕು ಅಂತ ಹಿಡಿದು ತೋರಿಸಿದ. ಅವಳ ಕೈ ಕುದುರಿತು. ಮೂರನೆಯ ಕೈ ಹೊಡೆಯುವಾಗ ಎಲ್ಲಿಂದಲೋ ಒಂದು ಗುಂಗಾಡು ಹುಳ ಬಂದು ಹಸಿ ಬಣ್ಣಕ್ಕೆ ಅಂಟಿಕೊಂಡಿತು. ಅವಳು ಅಯ್ಯೋ ಅಂತ ಉಗುರು ಚಾಚಿದಳು.

"ಮುಟ್ಟಬ್ಯಾಡ್ರಿ!" ವೈಜಿನಾಥ ಕೂಗಿದ. "ಹಸಿ ಅದ. ಈಗ ಮುಟ್ಟಿದ್ರ ಎಲ್ಲಾ ಹಾಳು. ಒಣಗ್ಲಿ. ನಾಳಿ ನೀರು ಹಚ್ಚಿ ಉಜ್ಜಿದ್ರ ತಾನೇ ಹೋಗ್ತದ."

ಮರುದಿನ ಅವಳು ಬಂದು ಮೆಲ್ಲಗೆ ಉಜ್ಜಿದಳು. ಹುಳ ಕೂತ ಗುರುತೂ ಉಳಿಯಲಿಲ್ಲ. ಮಗುವಿನ ಹಾಗೆ ಹಿಗ್ಗಿದಳು. ಹಿಗ್ಗಿನಲ್ಲೇ ಕಣ್ಣು ಕಪಾಟಿನ ಕಡೆ ಹೋಯಿತು. ಒಂಟಿ ರೆಕ್ಕೆಯ ವಿಮಾನ, ಅದರ ಮೇಲೆ ಕೆಂಪು ಕಣ.

"ಇದೇನ್ರೀ, ಇದು ಇನ್ನಾ ಒಣಗಿಲ್ಲೇನು?"

"ಅದು ಒಣಗಿ ಯಾವ ಕಾಲ ಆತು."

"ಮತ್ತ ಯಾಕ ಉಜ್ಜಿಲ್ಲ?"

ವೈಜಿನಾಥ ಬಾಯಿ ತೆರೆದ. ಗೆಳೆಯ ಅಂದವನ ಕಾಲಧೂಳು ಅಂತ ಶುರುಮಾಡಬೇಕಿತ್ತು. ನಾಲಿಗೆಗೆ ರೂಢಿಯಾಗಿದ್ದ ಮಾತು, ಅವತ್ತು ಹೊರಳಲಿಲ್ಲ. ಇಷ್ಟು ವರ್ಷ ಅದನ್ನು ಉಜ್ಜದೆ ಇಟ್ಟುಕೊಂಡವನು ಸೈಮನಪ್ಪ ಅಲ್ಲವಲ್ಲ!

ಟೀಚರ್ ಹೊರಡುವಾಗ, "ಸೈಮನಪ್ಪನವರಿಗಿ ತೋರಸ್ತೀನ್ರಿ ಇದನ್ನ. ಈ ವಾರ ಅವರು ಸೋಲಾಪುರಕ್ಕ ಮಗಳ ಮನಿಗೆ ಹೊಂಟಾರ. ಅಲ್ಲೇ ಇರ್ತಾರಂತ. ಉಳಿ, ಸುತ್ತಿಗಿ ಎಲ್ಲಾ ಶಾಲಿಗಿ ಕೊಟ್ಟುಬಿಟ್ರು" ಅಂದಳು.

ಅವನೇ ಬರಲಿ, ಅವನೇ ಬರಲಿ ಅಂತ ವೈಜಿನಾಥ ಕಾದದ್ದಾಯಿತು. ಈಗ ಅವನು ಹೊರಟೇಬಿಟ್ಟರೆ ಬರುವವರಾದರೂ ಯಾರು? ಈ ಊರಿನಲ್ಲಿ ತಲೆ ಎತ್ತಿ ಆಕಾಶ ನೋಡಲು ತಾನೊಬ್ಬನೇ ಉಳಿಯುವುದನ್ನು ನೆನೆದು ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ವಿಮಾನವನ್ನು ಕಪಾಟಿನಿಂದ ಇಳಿಸಿ ಎಡ ರೆಕ್ಕೆಯನ್ನು ಬಿಡಿಸಿಕೊಂಡ. ಉಜ್ಜುಕಾಗದದ ಒಂದು ಚೂರನ್ನು ಜೇಬಿಗೆ ಹಾಕಿಕೊಂಡ. ಅವತ್ತು ಸಿಟ್ಟಿನಿಂದ ಹೋಗಿದ್ದ ಅದೇ ದಾರಿಯಲ್ಲಿ ನಡೆದ.

ಬಾಗಿಲು ತೆರೆದವಳು ಎಸ್ತೇರಮ್ಮ. ಅವಳ ಕಣ್ಣು ಮೊದಲು ಬಿದ್ದದ್ದು ರೆಕ್ಕೆಯ ಮೇಲೆ. ಮುಖ ಬಾಡಿತು.

"ಮತ್ತ ತಂದೀರೇನಣ್ಣಾ ಇದನ್ನ? ನಾವು ಹೊಂಟೀವಿ. ಇನ್ನರ ಬಿಡ್ರಿ."

"ತೋರಸಾಕ ಬಂದಿಲ್ಲವ್ವಾ. ಉಜ್ಜಾಕ ಬಂದೀನಿ. ಒಂದು ವಾಟಗಾ ನೀರು ಕೊಡ್ತಿಯೇನು?"

ಒಳಗೆ ಗಂಟು ಕಟ್ಟುತ್ತಿದ್ದ ಸೈಮನಪ್ಪ ಬಂದು ಹೊಸ್ತಿಲಲ್ಲಿ ನಿಂತ. ತಲೆ ಪೂರ್ತಿ ನರೆತಿತ್ತು. ವೈಜಿನಾಥ ಅಂಗಳದಲ್ಲಿ ನಿಂತು ಕೊಡದ ನೀರಿನಲ್ಲಿ ಕಾಲು ತೊಳೆದುಕೊಂಡ. ಮೆಟ್ಟಿಲ ಮೇಲೆ ಕೂತು, ಎಸ್ತೇರಮ್ಮ ಬಟ್ಟಲಲ್ಲಿ ತಂದಿಟ್ಟ ನೀರಿನಲ್ಲಿ ಕಾಗದವನ್ನು ಅದ್ದಿ, ಆ ಕೆಂಪು ಕಣದ ಮೇಲೆ ಉಜ್ಜತೊಡಗಿದ. ಕಣ್ಣಲ್ಲಿ ನೀರು ತುಂಬಿ ರೆಕ್ಕೆಯೇ ಸರಿಯಾಗಿ ಕಾಣುತ್ತಿರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತನ್ನು ಬಿಟ್ಟು ಒತ್ತಿ ಒತ್ತಿ ಉಜ್ಜಿದ.

ಸೈಮನಪ್ಪ ನೋಡಿದ, ನೋಡಿದ. ಕೊನೆಗೆ ತಡೆಯಲಾಗಲಿಲ್ಲ.

"ಅಷ್ಟು ಒತ್ತಬ್ಯಾಡೋ ಮಾರಾಯಾ! ಬಿಳಿ ಹೋಗಿ ಕೆಳಗಿನ ಬೂದು ಕಾಣ್ತದ. ತಾ ಇಲ್ಲಿ."

ರೆಕ್ಕೆ ಕಸಿದುಕೊಂಡು ಪಕ್ಕದಲ್ಲೇ ಕೂತ. ಗಾಳಿ ಸವರಿದಷ್ಟು ಹಗುರಾಗಿ ಉಜ್ಜಿದ. ಬಟ್ಟಲಿನ ನೀರು ಒಂದಿಷ್ಟು ಕೆಂಪಾಯಿತು, ಅಷ್ಟೇ. ಕಣ ಹೋಗಿತ್ತು. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರಿದ. ವೈಜಿನಾಥ ಉಸಿರು ಬಿಗಿಹಿಡಿದು ಕೂತಿದ್ದ.

"ಭೇಷ್" ಅಂದ ಸೈಮನಪ್ಪ.

ವೈಜಿನಾಥ ಬಿಕ್ಕಿ ಬಿಕ್ಕಿ ಅತ್ತುಬಿಟ್ಟ. "ನಿನ್ನ ಮಗಳ ಮುಂದ, ಬೀಗರ ಮುಂದ ನಿನ್ನ ಮಾನ ಕಳದೆ. ತಪ್ಪು ನಂದು ಸೈಮನ್ಯಾ."

"ಹ್ಞೂಂ, ನಿಂದೇ" ಅಂದ ಸೈಮನಪ್ಪ. "ಆದ್ರ ಇಷ್ಟು ವರ್ಷ ಸುಮ್ಮ ಕೂತದ್ದು ಇಬ್ಬರದೂ."

ಒಳಗೆ ಹೋಗಿ ಕಟ್ಟಿದ ಗಂಟನ್ನೇ ಬಿಚ್ಚಿ ಒಂದು ಬಟ್ಟೆಯ ಸುರುಳಿ ತಂದ. ಅದರೊಳಗೆ ಬಲ ರೆಕ್ಕೆ. ಗೆರೆ ಕಾಣದ ಹಾಗೆ ಉಜ್ಜಿ ಬೂದು ಅಸ್ತರಕ್ಕೆ ತಯಾರಾಗಿತ್ತು. ಸೋಲಾಪುರಕ್ಕೂ ಅದನ್ನು ಒಯ್ಯುವವನಿದ್ದ.

ಹೊರಡುವ ಮೊದಲು ಉಳಿದ ದಿನಗಳಲ್ಲಿ ಇಬ್ಬರೂ ವೈಜಿನಾಥನ ಮನೆಯಲ್ಲಿ ಕೂತು ಅದಕ್ಕೆ ಬಣ್ಣ ಹೊಡೆದರು. ಗೋಣಿತಟ್ಟು ಮತ್ತೆ ಒದ್ದೆಯಾಯಿತು. ಹಾಲಿನ ಹದ, ಮಂಜಿನಂಥ ಕೈ, ನಡುನಡುವೆ ಎರಡು ಲೋಟ ಚಹಾ. ಬಣ್ಣ ಒಣಗಿತು, ಹೆಬ್ಬೆರಳು ಒಪ್ಪಿತು. ಎರಡೂ ರೆಕ್ಕೆಗಳನ್ನು ವಿಮಾನಕ್ಕೆ ಕೂಡಿಸಿ ಬೆಳಕಿಗೆ ಹಿಡಿದರು. ಆಗ ಇಬ್ಬರೂ ಒಟ್ಟಿಗೇ ಅದನ್ನು ಕಂಡರು.

ಹೊಸ ರೆಕ್ಕೆ ಹಾಲಿನಂಥ ಬಿಳಿ. ಹಳೆಯ ರೆಕ್ಕೆ, ಹೊಟ್ಟೆ, ಬಾಲ ಎಲ್ಲ ಹಳದಿಗೆ ತಿರುಗಿದ್ದವು. ಡಬ್ಬಿ ಅದೇ ಬಣ್ಣದ್ದು, ಕೈ ಅದೇ ಮನುಷ್ಯನದು. ನಡುವೆ ವರ್ಷಗಳು ಹೋಗಿದ್ದವು. ಬಿಳಿ ಬಣ್ಣ ಸುಮ್ಮನೆ ಇಟ್ಟರೂ ಹಳದಿಯಾಗುತ್ತದೆ ಅನ್ನುವುದು ಅವರಿಬ್ಬರಿಗೂ ಗೊತ್ತಿದ್ದದ್ದೇ.

"ಇಡೀ ವಿಮಾನಕ್ಕ ಮತ್ತ ಹೊಡ್ಯೋಣೇನು?" ಸೈಮನಪ್ಪ ಕೇಳಿದ.

"ಬ್ಯಾಡ" ಅಂದ ವೈಜಿನಾಥ. "ಇರಲಿ. ಎಷ್ಟು ತಡಾ ಮಾಡೀವಿ ಅಂತ ಕಾಣಲಿ."

ಸೈಮನಪ್ಪ ಹೊರಟ ದಿನ ವೈಜಿನಾಥ ಬಸ್ಸಿನವರೆಗೂ ಹೋಗಿ ಬಂದ. ಮನೆ ಮತ್ತೆ ಖಾಲಿ. ಎರಡು ಲೋಟ ಚಹಾ ಸೋಸುವ ಕೈ ಒಂದಕ್ಕೇ ನಿಂತಿತು. ವಿಮಾನ ಹಾರಿದಾಗ ಅಂಗಳಕ್ಕೆ ಬಂದು ನೋಡುತ್ತಾನೆ, ಈಗ ಒಳಗೆ ಓಡಿಹೋಗುವುದಿಲ್ಲ. ಮಹಾನಂದಾ ಟೀಚರ್ ಆಗಾಗ ಬರುತ್ತಾಳೆ. ಅವಳ ಜೊತೆ ಬಂದವರು ಕಪಾಟಿನ ಮೇಲಿನ ವಿಮಾನ ನೋಡಿ, "ಎಷ್ಟು ನುಣ್ಣಗದ! ಆದ್ರ ಒಂದು ರೆಕ್ಕಿ ಬಿಳಿ, ಒಂದು ರೆಕ್ಕಿ ಹಳದಿ ಯಾಕ್ರೀ?" ಅಂತ ಕೇಳುತ್ತಾರೆ.

ಮೊದಲು ಅದೇ ಹಳದಿ ರೆಕ್ಕೆಯನ್ನು ತೋರಿಸಿ ಗೆಳೆಯನ ಧೂಳಿನ ಕಥೆ ಹೇಳುತ್ತಿದ್ದವನು ಈಗ ವಿಮಾನವನ್ನು ಕೈಗೆತ್ತಿಕೊಂಡು ಹೇಳುತ್ತಾನೆ:

"ಈ ಹಳದಿ ನನ್ನ ಹಟದ ಬಣ್ಣರೀ. ಧೂಳು ಉಜ್ಜಿದ್ರ ಹೋತು. ಇದು ಹೋಗೂದಿಲ್ಲ."

ನೀತಿ: ಹಸಿಯಾಗಿದ್ದಾಗ ಮುಟ್ಟಬೇಡ, ಒಣಗಿದ ಮೇಲೆ ಹಾಗೇ ಬಿಡಬೇಡ. ಗೆಳೆಯನ ಮನಸ್ಸು ನೊಂದ ಹೊತ್ತಿನಲ್ಲಿ ಸರಿ ತಪ್ಪು ಎತ್ತಿ ತೋರಿಸಲು ಹೋದರೆ ಕಲೆ ದೊಡ್ಡದಾಗುತ್ತದೆ. ಸಿಟ್ಟು ಆರಿದ ಮೇಲೂ ಅವನೇ ಬರಲಿ ಅಂತ ಕಾಯುತ್ತ ಕೂತರೆ, ಕಲೆಯನ್ನೇನೋ ಒಂದು ದಿನ ತೆಗೆಯಬಹುದು, ಕಳೆದುಹೋದ ವರ್ಷಗಳನ್ನು ತರಲಾಗುವುದಿಲ್ಲ.